ಬಳೆ ಯಾರ ಸುತ್ತ ಬೀಳಬೇಕು

ಅಕ್ಕನ ಬಲಗೈ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಗ ಸ್ಕೂಟಿಯಿಂದ ಬಿದ್ದು ಮುರಿದ ಗೆಣ್ಣು ಸರಿಯಾಗಿ ಕೂಡಿಕೊಂಡಿರಲಿಲ್ಲವಂತೆ. ಹಾಗಾಗಿ ಗೇಮ್ ಕಂಟ್ರೋಲರನ್ನು ಅವರು ಎಲ್ಲರಂತೆ ಎರಡೂ ಅಂಗೈಗಳಲ್ಲಿ ಹಿಡಿಯುತ್ತಿರಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಬಲಗಡೆಯ ಪುಟ್ಟ ಕಡ್ಡಿಯನ್ನು ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದರು. ಹೊಸದಾಗಿ ನೋಡಿದವರಿಗೆ ಅವರು ಆಡುತ್ತಿದ್ದಾರೋ, ಮಡಿಲಲ್ಲಿ ಬೆಕ್ಕು ಕೂರಿಸಿಕೊಂಡು ಅದರ ಕಿವಿ ತುರಿಸುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ.

ಅವರು ನನ್ನ ಒಡಹುಟ್ಟಿದ ಅಕ್ಕನಲ್ಲ. ಇಂದಿರಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿದ್ದ ನಮ್ಮ ಸಣ್ಣ ಗೇಮ್ ಕಂಪನಿಯಲ್ಲಿ ನನ್ನ ತಂಡದ ಮುಖ್ಯಸ್ಥೆ. ಆಫೀಸಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವರಿಗಿಂತ ದೊಡ್ಡವರಾಗಿದ್ದ ನಮ್ಮ ಮಾಲೀಕರೂ. ಅವರದು ಕೆ.ಆರ್. ಪುರದ ಕಡೆಯ ಹಳೇ ಊರಿನ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. "ನೀವ್ಯಾಕೆ ಕೆಲಸಕ್ಕೆ ಬರ್ತೀರ ಅಕ್ಕ, ಹಾಯಾಗಿ ಮನೇಲಿರಬಾರ್ದಾ" ಎಂದು ಯಾರಾದರೂ ಕೇಳಿದರೆ, "ಮನೇಲಿದ್ರೆ ದಿನಾ ಬಾಡಿಗೆಯವ್ರ ನಲ್ಲಿ ರಿಪೇರಿ ಮಾತೇ. ಇಲ್ಲಾದ್ರೆ ಡ್ರ್ಯಾಗನ್ ವಿಷ್ಯ ಮಾತಾಡ್ಬೋದು" ಎನ್ನುತ್ತಿದ್ದರು.

ಅವರ ಬಗ್ಗೆ ಬರೆಯಬೇಕು ಎಂದುಕೊಂಡಾಗಲೆಲ್ಲ ನನ್ನ ಮನಸ್ಸು ಒಂದೇ ಸಂಜೆಗೆ ಹೋಗಿ ನಿಂತುಬಿಡುತ್ತದೆ. ಬೆನ್ಸನ್ ಟೌನಿನ ಒಂದು ರಸ್ತೆ, ಮುರಿದು ಬಿದ್ದ ಮರದ ಕೊಂಬೆ, ಒದ್ದೆ ಎಲೆಗಳ ನಡುವೆ ಕರೆಂಟಿನ ತಂತಿ. ಅಂದು ಅಕ್ಕ ನನ್ನ ಬ್ಯಾಗಿನ ಪಟ್ಟಿ ಹಿಡಿದು ಎಳೆದರು. ನಾನು ಉಳಿದೆ. ಅದೇ ಹೊತ್ತಿಗೆ ಎದುರು ಬದಿಯಿಂದ ಓಡಿಬಂದ ಒಬ್ಬರು ಉಳಿಯಲಿಲ್ಲ. ಆದರೆ ಅದನ್ನು ಹೇಳುವ ಮುಂಚೆ ಅಕ್ಕ ಏನು ಕೆಲಸ ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎಂದು ಹೇಳಬೇಕು. ಇಲ್ಲದಿದ್ದರೆ ಆಮೇಲೆ ಅವರು ಪಟ್ಟ ಸಂಕಟ ಅರ್ಥವಾಗುವುದಿಲ್ಲ.

ನಮ್ಮದು ಬೇರೆ ಬೇರೆ ಊರುಗಳಲ್ಲಿರುವ ಜನ ಇಂಟರ್ನೆಟ್ಟಿನಲ್ಲಿ ಒಟ್ಟಾಗಿ ಆಡುವ ಆಟ. ಒಬ್ಬೊಬ್ಬರದು ಒಂದೊಂದು ಪಾತ್ರ. ಕತ್ತಿ ಹಿಡಿದು ಮುಂದೆ ನಿಲ್ಲುವವರು, ದೂರದಿಂದ ಬಾಣ ಬಿಡುವವರು, ಪೆಟ್ಟು ತಿಂದವರಿಗೆ ಮದ್ದು ಕೊಟ್ಟು ಎಬ್ಬಿಸುವ ವೈದ್ಯರು. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಆಡುವಾಗ ತೊಂದರೆಯಿಲ್ಲ, ಯಾರು ಬೇಕೋ ಅವರ ಮೇಲೆ ನೇರವಾಗಿ ಒತ್ತಿದರಾಯಿತು. ಸೋಫಾದಲ್ಲಿ ಕೂತು ಕಂಟ್ರೋಲರಿನಿಂದ ಆಡುವವರಿಗೆ ಆ ಸೌಕರ್ಯವಿಲ್ಲ. ಅವರು ಒಂದು ಬಟನ್ ಒತ್ತುತ್ತಾರೆ. ಅಷ್ಟು ಜನರ ಗುಂಪಿನಲ್ಲಿ ಅವರ ಮನಸ್ಸಿನಲ್ಲಿರುವುದು ಯಾರು ಎಂದು ಆಟವೇ ಊಹಿಸಬೇಕು. ಊಹಿಸಿದವರ ಕಾಲಿನ ಸುತ್ತ ಒಂದು ಹಳದಿ ವೃತ್ತ ಬೀಳುತ್ತದೆ. ಅದನ್ನು ನಾವು ಬಳೆ ಎನ್ನುತ್ತಿದ್ದೆವು. ಆ ಬಳೆ ಯಾರ ಸುತ್ತ ಬೀಳಬೇಕು ಎಂಬುದೊಂದೇ ನನ್ನ, ಅಕ್ಕನ ಮತ್ತು ಪುಲಿಕೇಶಿನಗರದ ಪ್ರೋಗ್ರಾಮರ್ ಇರ್ಫಾನನ ಕೆಲಸವಾಗಿತ್ತು.

ಕೇಳುವುದಕ್ಕೆ ಚಿಲ್ಲರೆ ಕೆಲಸ. ನಮ್ಮ ಮನೆಯಲ್ಲಂತೂ ಅಪ್ಪ, "ಎಂಜಿನಿಯರಿಂಗ್ ಓದಿ ಬಳೆ ಮಾರ್ತಾಳೆ" ಎಂದು ನಗುತ್ತಿದ್ದರು. ಆದರೆ ಆಡುವವರು ಕಳಿಸುತ್ತಿದ್ದ ಬೈಗುಳಗಳನ್ನು ಓದಿದರೆ ಅದು ಚಿಲ್ಲರೆಯಲ್ಲ ಎಂದು ಗೊತ್ತಾಗುತ್ತಿತ್ತು. ಮೊದಲು ನಮ್ಮ ಬಳೆ ಸುಮ್ಮನೆ ಹತ್ತಿರವಿದ್ದವರ ಮೇಲೆ ಬೀಳುತ್ತಿತ್ತು. ಸ್ವಲ್ಪ ದೂರದಲ್ಲಿ ಗೆಳೆಯ ಸಾಯುತ್ತಿದ್ದರೂ ಮದ್ದು ಪಕ್ಕದಲ್ಲಿ ಗಟ್ಟಿಮುಟ್ಟಾಗಿ ನಿಂತವನಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನಾವೇ ಆಡಿ ಪರೀಕ್ಷೆ ಮಾಡುತ್ತಿದ್ದಾಗ ಇರ್ಫಾನನ ಯೋಧ ನೆಲಕ್ಕೆ ಬಿದ್ದ. ನಾನು ವೈದ್ಯೆ. ಇಡೀ ಆಟಕ್ಕೆ ಒಮ್ಮೆ ಮಾತ್ರ ಕೊಡಬಹುದಾದ ಸಂಜೀವಿನಿಯನ್ನು ಅವನಿಗೆಂದು ಒತ್ತಿದೆ. ಅದು ಆಟದಲ್ಲಿ ಅವನ ಯೋಧ ಸಾಕಿಕೊಂಡಿದ್ದ ನಾಯಿಗೆ ಹೋಯಿತು.

"ನನ್ನ ನಾಯಿಗೆ ಕೊಟ್ಯಲ್ಲ ಮಗಾ!" ಇರ್ಫಾನ್ ಕುರ್ಚಿಯಿಂದ ಎದ್ದೇಬಿಟ್ಟ. "ಅದಕ್ಕೇನಾಗಿತ್ತು? ಬಾಲ ಅಲ್ಲಾಡಿಸ್ಕೊಂಡು ನಿಂತಿತ್ತು. ಇಲ್ಲಿ ಸತ್ತಿರೋನು ನಾನು!"

"ನಾನ್ ನಿನ್ನನ್ನೇ ನೋಡ್ಕೊಂಡು ಒತ್ತಿದ್ದು ಗುರು. ನಾಯಿ ನಂಗೆ ಹತ್ರ ಇತ್ತು, ಬಳೆ ಅಲ್ಲಿಗೆ ಹೋಯ್ತು."

"ಹತ್ರ ಇದ್ರೆ ನಾಯಿನೂ ಸೈ ಅಂತಾಯ್ತು. ಅಕ್ಕ, ಇವಳ ಜೊತೆ ನಾನು ಎಲ್ಲಿಗೂ ಟ್ರಿಪ್ ಬರಲ್ಲ."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಕ್ಕಿದ್ ಸಾಕು. ಇವಳು ನೋಡಿದ್ದೊಂದು, ಆಗಿದ್ದೊಂದು. ಬೈಸ್ಕೊಂಡಿದ್ದು ಇವಳು. ನಮ್ ಆಟ ಆಡೋರಿಗೆಲ್ಲ ದಿನಾ ಇದೇ ಆಗ್ತಿದೆ" ಎಂದರು.

ಅಕ್ಕನ ಕೆಲಸದ ರೀತಿಯೇ ಬೇರೆ. ಹೊಸ ಬಟನ್ ಜೋಡಣೆ ಬಂದಾಗಲೆಲ್ಲ ನಮ್ಮ ಕೈಗಳಿಗೆ ಉಲ್ಲನ್ ಸಾಕ್ಸ್ ಹಾಕಿಸಿ ಆಡಿಸುತ್ತಿದ್ದರು. "ಬೆರಳು ಚೆನ್ನಾಗಿರೋರಿಗೆ ಎಲ್ಲಾ ಸುಲಭವೇ. ಸಾಕ್ಸ್ ಹಾಕ್ಕೊಂಡು ಆಡೋಕಾದ್ರೆ ಮಾತ್ರ ಮುಂದಕ್ಕೆ ಕಳಿಸೋಣ." ತಮ್ಮ ಹೆಬ್ಬೆರಳಿನ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ. ಆಫೀಸಿಗೆ ಬಂದ ಅತಿಥಿಗಳು ಸಾಕ್ಸ್ ತೊಟ್ಟ ಕೈಗಳಲ್ಲಿ ನಾವು ಗಂಭೀರವಾಗಿ ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಲ್ಲುತ್ತಿದ್ದರು.

ಶನಿವಾರ ಬೆಳಿಗ್ಗೆ ನಮ್ಮನ್ನು ಶಿವಾಜಿನಗರದ ಮಾರ್ಕೆಟ್ಟಿಗೆ ಕರೆದೊಯ್ಯುತ್ತಿದ್ದರು. ಹೂವಿನವರು, ಮೀನಿನವರು, ತಳ್ಳುಗಾಡಿ, ಆಟೋ, ತಮಿಳು, ಉರ್ದು, ಕನ್ನಡ ಎಲ್ಲ ಒಟ್ಟಿಗೆ ಕುದಿಯುವ ಜಾಗದಲ್ಲಿ ನಮ್ಮನ್ನು ನಿಲ್ಲಿಸಿ, ಇದ್ದಕ್ಕಿದ್ದಂತೆ, "ಕಣ್ ಮುಚ್ಚು. ಈಗ ಯಾರನ್ನ ನೋಡ್ತಿದ್ದೆ? ಬೆರಳು ತೋರ್ಸು" ಎನ್ನುತ್ತಿದ್ದರು. ನಾವು ತೋರಿಸಿದ ಕಡೆ ಅಷ್ಟರಲ್ಲಿ ಬೇರೆ ಯಾರೋ ಬಂದಿರುತ್ತಿದ್ದರು. ಒಮ್ಮೆ ನಾನು ಮಲ್ಲಿಗೆ ಮಾರುವ ಅಜ್ಜಿಯನ್ನು ನೋಡುತ್ತಿದ್ದೆ, ಕಣ್ಣು ತೆರೆದಾಗ ನನ್ನ ಬೆರಳು ಒಬ್ಬ ಪೊಲೀಸಪ್ಪನ ಹೊಟ್ಟೆಯ ಕಡೆಗಿತ್ತು.

"ಏನಮ್ಮಾ ಅದು?" ಎಂದರು ಅವರು.

"ಏನಿಲ್ಲ ಸಾರ್, ಕಣ್ಣಿನ ಟೆಸ್ಟ್ ಮಾಡಿಸ್ತಿದ್ದೀನಿ" ಎಂದರು ಅಕ್ಕ.

"ಕನ್ನಡಕ ಕೊಡ್ಸಿ ಮೊದ್ಲು."

ಈ ಮಾರ್ಕೆಟ್ ಸುತ್ತಾಟದಿಂದಲೇ ನಮ್ಮ ಬಳೆ ತಿದ್ದಿಕೊಂಡಿತು. ಮನುಷ್ಯ ಒಬ್ಬರನ್ನು ಗುರುತಿಟ್ಟುಕೊಂಡ ಮೇಲೆ ಅವರು ಜನರ ಹಿಂದೆ ಮರೆಯಾದರೂ ಮನಸ್ಸಿನಲ್ಲಿ ಹಿಂಬಾಲಿಸುತ್ತಲೇ ಇರುತ್ತಾನೆ. ಆದ್ದರಿಂದ ಬಳೆಯೂ ಹಿಂಬಾಲಿಸಬೇಕು, ಅಡ್ಡ ಬಂದವರ ಮೇಲೆ ಜಿಗಿಯಬಾರದು. ಬೇರೆಯವರು ಬೇಕಾದರೆ ಅವರಿರುವ ದಿಕ್ಕಿಗೆ ಕಡ್ಡಿಯನ್ನು ಒಮ್ಮೆ ತಳ್ಳಿದರೆ ಸಾಕು. ಗೆಳೆಯರಿಗೆ ಒಂದು ಬಟನ್, ಶತ್ರುಗಳಿಗೆ ಇನ್ನೊಂದು. ಇಷ್ಟರವರೆಗೆ ಅಕ್ಕನಿಗೂ ನನಗೂ ಜಗಳವಿರಲಿಲ್ಲ.

ಜಗಳವಾದದ್ದು ಒಂದೇ ವಿಷಯಕ್ಕೆ. ಬಳೆಯೊಳಗಿದ್ದವರು ಸತ್ತುಹೋದರೆ ಆಮೇಲೇನು? ಬಳೆ ತಾನಾಗಿಯೇ ಮುಂದಿನವರನ್ನು ಹುಡುಕಿಕೊಳ್ಳಲಿ ಎಂದು ನಾನು ಬರೆದಿದ್ದೆ. ಯಾರಿಗೆ ಹೆಚ್ಚು ಪೆಟ್ಟಾಗಿದೆ, ಯಾರು ಹತ್ತಿರವಿದ್ದಾರೆ ಎಂದು ಲೆಕ್ಕ ಹಾಕಿ ಅದೇ ಆರಿಸುತ್ತಿತ್ತು. ಚೆನ್ನಾಗಿಯೇ ಆರಿಸುತ್ತಿತ್ತು ಕೂಡ. ಅಕ್ಕ ಒಪ್ಪಲಿಲ್ಲ.

"ಖಾಲಿ ಇರ್ಲಿ ಅದು. ಅವ್ರೇ ತಲೆ ಎತ್ತಿ ನೋಡ್ಲಿ, ಅವ್ರೇ ಆರಿಸ್ಲಿ."

"ಅಷ್ಟರಲ್ಲಿ ಇನ್ನೊಬ್ರು ಸತ್ತೋಗಿರ್ತಾರೆ ಅಕ್ಕ. ಅರ್ಧ ಸೆಕೆಂಡ್ ಉಳಿಸ್ತಿದ್ದೀನಿ ನಾನು."

"ಆ ಅರ್ಧ ಸೆಕೆಂಡ್ ಆಡೋರ್ದು ಕಣೇ. ನಿಂದಲ್ಲ. ಯಾರನ್ನ ಉಳಿಸ್ಬೇಕು ಅಂತ ನೀನೇ ಹೇಳ್ಬಿಟ್ರೆ ಅವ್ರು ಯಾಕ್ ಆಡ್ಬೇಕು?"

ವಾರಗಟ್ಟಲೆ ಇದೇ ಮಾತು. ಊಟದ ಡಬ್ಬಿ ತೆರೆದಾಗಲೂ ಇದೇ. ಕೊನೆಗೆ ಅವರು ಮುಖ್ಯಸ್ಥೆ, ನಾನು ಸೋತೆ. ಬಳೆ ಖಾಲಿಯಾಗಿ ಉಳಿಯಿತು. ನಾನು ಬರೆದದ್ದನ್ನು ಅಳಿಸದೆ ಪಕ್ಕಕ್ಕಿಟ್ಟುಕೊಂಡೆ.

ಇದಾಗಿ ಕೆಲವು ದಿನಗಳಿಗೆ ಇರ್ಫಾನನ ಅಮ್ಮ ನಮ್ಮನ್ನು ಮನೆಗೆ ಕರೆದಿದ್ದರು. ತಿಂಡಿ ತಿಂದು, ಚಹಾ ಕುಡಿದು, ಅಕ್ಕನನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಿಡೋಣ ಎಂದು ಮೂವರೂ ಹೊರಟೆವು. ಅವರು ಅಲ್ಲಿಂದ ರೈಲು ಹಿಡಿದು ಕೆ.ಆರ್. ಪುರಕ್ಕೆ ಹೋಗುತ್ತಿದ್ದರು. ಒಂದು ಜೋರು ಮಳೆ ಆಗಷ್ಟೇ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಬೆನ್ಸನ್ ಟೌನಿನ ರಸ್ತೆಯಲ್ಲಿ ನಡೆಯುತ್ತ ಇರ್ಫಾನ್ ನಾಯಿಯ ಕಥೆಯನ್ನೇ ಇನ್ನೊಮ್ಮೆ ಹೇಳುತ್ತಿದ್ದ. ಆಗ ಮುಂದೆ ಬಟ್ಟೆ ಹರಿದಂಥ ಒಂದು ದೊಡ್ಡ ಸದ್ದಾಯಿತು. ಹಳೆಯ ಮರದ ಕೊಂಬೆಯೊಂದು ಕಂಬವನ್ನು ಸವರಿಕೊಂಡು ರಸ್ತೆಗೆ ಬಿತ್ತು. ಅದರಡಿ ಒಂದು ಸ್ಕೂಟರ್ ಸಿಕ್ಕಿಕೊಂಡಿತ್ತು. ಸವಾರನ ಕಾಲು ಕೊಂಬೆಯ ಕೆಳಗಿತ್ತು. ಅವನು ಕೂಗುತ್ತಿದ್ದ.

ನಾನು ಓಡಿದೆ. ಯೋಚಿಸಲಿಲ್ಲ, ಅವನ ಮುಖ ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಹಿಂದಿನಿಂದ ಬ್ಯಾಗಿನ ಪಟ್ಟಿ ನನ್ನ ಹೆಗಲು ಕಿತ್ತುಬರುವಂತೆ ಜಗ್ಗಿತು. "ನಿಲ್ಲೇ!" ಅಕ್ಕ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಒದ್ದೆ ರಸ್ತೆಯ ಮೇಲೆ ಅಂಗಾತ ಬಿದ್ದೆ. "ನೆಲ ನೋಡು, ನೆಲ! ತಂತಿ!"

ಆಗ ಕಂಡಿತು. ಕಂಬದಿಂದ ಹರಿದ ತಂತಿ ರಸ್ತೆಗೆ ಅಡ್ಡಲಾಗಿ, ನಿಂತ ನೀರಿನಲ್ಲಿ, ಎಲೆಗಳ ನಡುವೆ ಬಿದ್ದಿತ್ತು. ಇನ್ನೊಂದೆರಡು ಹೆಜ್ಜೆ ಹಾಕಿದ್ದರೆ ನಾನು ಆ ನೀರಿನಲ್ಲಿರುತ್ತಿದ್ದೆ.

ಆ ನೀರು ರಸ್ತೆಯ ಆಚೆ ಬದಿಯವರೆಗೂ ಹರಡಿತ್ತು. ಅಲ್ಲಿ ಅಂಗಡಿಯ ಸೂರಿನಡಿ ಮಳೆಗೆ ನಿಂತಿದ್ದ ನಡುವಯಸ್ಸಿನವರೊಬ್ಬರು, ನಾನು ಓಡಿದ ಹೊತ್ತಿಗೇ, ನನ್ನ ಹಾಗೆಯೇ, ಸವಾರನ ಕಡೆ ಓಡಿಬರುತ್ತಿದ್ದರು. ಕೈಯಲ್ಲಿ ಮಡಚಿದ ಕೊಡೆಯಿತ್ತು. ಅಕ್ಕ ನನ್ನ ಪಟ್ಟಿಯನ್ನು ಬಿಡದೆ ಇನ್ನೊಂದು ಕೈ ಎತ್ತಿ, "ಬರ್ಬೇಡಿ! ಬರ್ಬೇಡಿ!" ಎಂದು ಅವರತ್ತ ಕೂಗಿದರು. ಅವರು ನೀರಿಗೆ ಕಾಲಿಟ್ಟರು. ಚೀರಲಿಲ್ಲ. ಸುಸ್ತಾದವರು ಕೂರುವ ಹಾಗೆ ಕೂತು, ಪಕ್ಕಕ್ಕೆ ವಾಲಿದರು.

ಆಮೇಲಿನದೆಲ್ಲ ಅಕ್ಕನೇ ಮಾಡಿದ್ದು. ಇರ್ಫಾನನಿಗೆ ಕರೆಂಟ್ ಆಫೀಸಿಗೆ, ಆಂಬ್ಯುಲೆನ್ಸಿಗೆ ಫೋನ್ ಮಾಡಲು ಹೇಳಿದರು. ಎರಡೂ ಕಡೆಯಿಂದ ಬರುವವರನ್ನು ದೂರದಲ್ಲೇ ನಿಲ್ಲಿಸಿದರು. ನೀರಿಗಿಳಿಯಲು ಹೊರಟವರನ್ನು ಗದರಿದರು. ಕೊಂಬೆಯ ಕೆಳಗಿದ್ದ ಸವಾರ ನೀರು ಮುಟ್ಟದ ಎತ್ತರದ ಜಾಗದಲ್ಲಿದ್ದ. "ಅಲ್ಲಾಡ್ಬೇಡಪ್ಪ, ನನ್ನನ್ನೇ ನೋಡು, ಹೆಸ್ರೇನು, ಮನೆ ಎಲ್ಲಿ" ಎಂದು ಅವನನ್ನು ಮಾತಿನಲ್ಲಿ ಹಿಡಿದಿಟ್ಟರು. ಕರೆಂಟ್ ತೆಗೆದಿದ್ದೇವೆ ಎಂದು ಫೋನ್ ಬರುವವರೆಗೆ ಆ ಇನ್ನೊಬ್ಬರು ಅಲ್ಲೇ, ನಮ್ಮ ಕಣ್ಣೆದುರಿಗೇ ಇದ್ದರು. ಯಾರೂ ಅವರನ್ನು ಮುಟ್ಟುವಂತಿರಲಿಲ್ಲ.

ಸವಾರನ ಕಾಲು ಮುರಿದಿತ್ತು, ಬದುಕಿಕೊಂಡ. ಕೊಡೆ ಹಿಡಿದು ಬಂದವರು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು.

ತಂತಿ ನಿಮಗೆ ಹೇಗೆ ಕಂಡಿತು ಎಂದು ಪೊಲೀಸರು ಕೇಳಿದಾಗ ಅಕ್ಕ ಹೇಳಿದ್ದು ಇಷ್ಟು: "ಬಿದ್ದಿದ್ದೋನು ನಮ್ಮನ್ನ ನೋಡ್ತಿರ್ಲಿಲ್ಲ ಸಾರ್. ಕೂಗ್ತಾ ಕೂಗ್ತಾ ನೆಲಾನೇ ನೋಡ್ತಿದ್ದ. ಇಷ್ಟು ಭಯದಲ್ಲಿ ನೆಲದಲ್ಲಿ ಏನ್ ನೋಡ್ತಿದ್ದಾನೆ ಅಂತ ನಾನೂ ನೋಡಿದೆ." ಸುತ್ತ ಸೇರಿದ್ದವರು, "ನೀವಿಲ್ದಿದ್ರೆ ಇನ್ನೂ ನಾಲ್ಕು ಜನ ಹೋಗ್ತಿದ್ರಮ್ಮ" ಎಂದರು. ಅಕ್ಕ ಅವರ ಮುಖವನ್ನೇ ನೋಡಲಿಲ್ಲ.

ಮುಂದಿನ ವಾರ ಆಫೀಸಿಗೆ ಬಂದರು. ಸೀದಾ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು.

"ನಿಂದೇ ಹಾಕ್ಬಿಡು" ಎಂದರು.

"ಯಾವ್ದು ಅಕ್ಕ?"

"ಬಳೆ. ತಾನೇ ಆರಿಸ್ಕೊಳ್ಳೋದು. ಹಾಕ್ಬಿಡು ಅದನ್ನ. ನಾನ್ ಹೇಳ್ತಿದ್ದಿದ್ದೆಲ್ಲ ಸುಮ್ನೆ."

ಇರ್ಫಾನನೂ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡ. ಅಕ್ಕ ತಮ್ಮ ಅಂಗೈ ನೋಡಿಕೊಳ್ಳುತ್ತ ಮುಂದುವರಿಸಿದರು: "ಇಬ್ರು ಓಡ್ತಿದ್ರು. ನೋಡೋಕೆ, ಆರಿಸೋಕೆ ನಂಗೂ ಅರ್ಧ ಸೆಕೆಂಡ್ ಸಿಕ್ಕಿತ್ತು. ನಾನೇನ್ ಮಾಡ್ದೆ? ಹತ್ರ ಇದ್ದೋಳನ್ನ ಹಿಡಿದೆ. ಇಷ್ಟು ವರ್ಷ ಯಾವ್ದು ತಪ್ಪು ಅಂತಿದ್ನೋ ಅದನ್ನೇ ಮಾಡ್ದೆ."

"ಅಕ್ಕ, ಅವ್ರು ರಸ್ತೆ ಆಚೆ ಇದ್ರು" ಎಂದ ಇರ್ಫಾನ್. "ನಿಮ್ಮ ಕೈ ಅಲ್ಲಿಗೆ ಮುಟ್ತಿರ್ಲಿಲ್ಲ. ನಡುವೆ ನೀರಿತ್ತು."

"ಕೈ ಮುಟ್ತಿರ್ಲಿಲ್ಲ. ಬಾಯಿ ಮುಟ್ತಿತ್ತಲ್ಲೋ? ಮೊದ್ಲು ಅವ್ರಿಗೆ ಕೂಗಿ ಆಮೇಲೆ ಇವಳನ್ನ ಎಳೀಬೋದಿತ್ತು."

"ಹಂಗ್ ಮಾಡಿದ್ರೆ ಇವಳು ಇರ್ತಿರ್ಲಿಲ್ಲ."

ಅವನು ಹೇಳಿದ್ದು ಸರಿಯೇ. ಆದರೆ ಅದನ್ನು ಕೇಳಿಸಿಕೊಂಡು ಅಲ್ಲಿ ಕೂತಿದ್ದವಳು ನಾನು. ನಾನೀಗ ಉಸಿರಾಡುತ್ತಿರುವುದೇ ಅಕ್ಕನ ವಿರುದ್ಧದ ಸಾಕ್ಷಿಯಂತೆ ಅನಿಸಿ, ಎದ್ದು ಬಾಲ್ಕನಿಗೆ ಹೋದೆ.

ಆ ತಿಂಗಳು ಮುಗಿಯುವುದರೊಳಗೆ ಅಕ್ಕ ಕೆಲಸ ಬಿಟ್ಟರು. ತೀರಿಕೊಂಡವರ ಮನೆ ಹುಡುಕಿಕೊಂಡು ಹೋಗಿದ್ದರೆಂದು ಆಮೇಲೆ ತಿಳಿಯಿತು. ಅಲ್ಲಿ ಏನು ಮಾತಾಡಿದರೆಂದು ಯಾರಿಗೂ ಹೇಳಲಿಲ್ಲ. ಇರ್ಫಾನ್ ಮೊದಲಿನಂತೆ ಜೋಕು ಮಾಡುತ್ತಾನೆ, ನಾಯಿಯ ಕಥೆಯೊಂದನ್ನು ಬಿಟ್ಟು.

ನಾನು ಆ ರಸ್ತೆಯನ್ನು ತಲೆಯೊಳಗೆ ಮತ್ತೆ ಮತ್ತೆ ಆಡಿಸುತ್ತೇನೆ. ಅಡುಗೆಮನೆಯಲ್ಲಿ, ಮೆಟ್ರೋದಲ್ಲಿ, ಯಾರೋ ನನ್ನ ಹೆಸರು ಕೂಗಿದಾಗ. ಪ್ರತಿ ಸಲವೂ ಒಂದೊಂದನ್ನು ಬದಲಿಸುತ್ತೇನೆ. ನಾನು ಓಡದೆ ಇರ್ಫಾನನ ಪಕ್ಕದಲ್ಲೇ ನಿಂತಿದ್ದರೆ ಅಕ್ಕನ ಗಮನ ಪೂರ್ತಿ ಆಚೆಗಿರುತ್ತಿತ್ತು. ಚಹಾ ಇನ್ನೊಂದು ಲೋಟ ಕುಡಿದಿದ್ದರೆ ನಾವು ಅಲ್ಲಿರುತ್ತಲೇ ಇರಲಿಲ್ಲ. ಆದರೆ ಆಗ ಆ ಸವಾರನತ್ತ ಓಡುವವರನ್ನು ಯಾರು ನಿಲ್ಲಿಸುತ್ತಿದ್ದರು? ಎಷ್ಟು ಆಡಿಸಿದರೂ ಎಲ್ಲರೂ ಉಳಿಯುವ ಒಂದು ಜೋಡಣೆ ನನಗೆ ಸಿಕ್ಕಿಲ್ಲ. ಆಟ ಮಾಡುವವರ ಚಟ ಇದು. ಎಲ್ಲೋ ಒಂದು ಸಂಖ್ಯೆ ತಿದ್ದಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ನಂಬಿರುತ್ತೇವೆ.

ನಾನು ಅಕ್ಕ ಹೇಳಿದಂತೆ ಮಾಡಲಿಲ್ಲ. ನನ್ನದನ್ನು ಹಾಕಲಿಲ್ಲ. ಬಳೆಯನ್ನು ಖಾಲಿಯಾಗಿಯೇ ಬಿಟ್ಟೆ. ಆಟದ ಹೊಸ ಆವೃತ್ತಿ ಹಾಗೆಯೇ ಹೊರಬಂತು. ಕೆಲವರು, ಇದೇನು ನಡುವೆ ನಿಂತುಬಿಡುತ್ತದೆ ಎಂದು ಬೈದರು. ಇನ್ನು ಕೆಲವರು ಈಗ ಗೆಳೆಯರನ್ನು ಉಳಿಸಿದಾಗ ನಾವೇ ಉಳಿಸಿದೆವು ಅನಿಸುತ್ತದೆ ಎಂದು ಬರೆದರು. ಅದನ್ನು ಅಕ್ಕನಿಗೆ ತೋರಿಸಬೇಕೆಂದು ಒಂದು ಭಾನುವಾರ ಕೆ.ಆರ್. ಪುರಕ್ಕೆ ಹೋದೆ.

ಅಕ್ಕ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಬಾಡಿಗೆಯವರೊಬ್ಬರು ನಲ್ಲಿಯ ದೂರು ಹೇಳಿಕೊಂಡು ನಿಂತಿದ್ದರು. ನನ್ನನ್ನು ಕಂಡು ಅಕ್ಕ ಸರಿದು ಜಾಗ ಮಾಡಿದರು. ಬಾಡಿಗೆಯವರು ಹೋದ ಮೇಲೆ ನಾನು ಫೋನಿನಲ್ಲಿ ಆಡುವವರ ಮಾತುಗಳನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಹಾಕ್ಲಿಲ್ವಾ ನಿಂದು?"

"ಇಲ್ಲ ಅಕ್ಕ."

"ನಾನ್ ಹೇಳಿದ್ಮೇಲೂ?"

"ನೀವ್ ಹೇಳಿದ್ದು ಅವತ್ತಿನ ಮಾತು. ಅದಕ್ಕಿಂತ ಮುಂಚೆ ವಾರಗಟ್ಲೆ ಹೇಳಿದ್ದನ್ನ ಕೇಳ್ದೆ."

ಅವರು ಫೋನನ್ನು ನನ್ನ ಕೈಗಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸಿದೆವು. ಆಮೇಲೆ ನಾನು ಅಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಅಕ್ಕ, ನಾನ್ ಹತ್ರ ಇದ್ದೆ ಅಂತಾನಾ ಹಿಡ್ಕೊಂಡಿದ್ದು?"

"ಗೊತ್ತಿಲ್ಲ ಕಣೇ" ಎಂದರು. "ನಿನ್ನನ್ನ ಹಿಡಿದಿದ್ದು ನಂಗೆ ನೆನಪೇ ಇಲ್ಲ. ಕೈ ಹೋಗ್ಬಿಟ್ಟಿದೆ ಅಷ್ಟೇ. ಅವ್ರನ್ನ ನೋಡಿದ್ದು ಮಾತ್ರ ನೆನಪಿದೆ. ಅಂಗಿ ಬಣ್ಣ ಸಮೇತ ನೆನಪಿದೆ."

ನಾನು ಅಕ್ಕನಿಗೆ ಇವತ್ತಿನವರೆಗೂ ಥ್ಯಾಂಕ್ಸ್ ಹೇಳಿಲ್ಲ. ಹೇಳಬೇಕೆಂದೇ ಅಂದು ಹೋಗಿದ್ದೆ. ಆದರೆ ಆ ಮಾತು ನನ್ನ ಬಾಯಿಂದ ಹೊರಟರೆ ಅವರಿಗೆ ಕೇಳಿಸುವುದು ನಾನು ಉಳಿದದ್ದಲ್ಲ, ಇನ್ನೊಬ್ಬರು ಉಳಿಯದಿದ್ದದ್ದು ಎಂದು ಗೊತ್ತಾಯಿತು. ಅವರೆಕಾಳಿನ ಬುಟ್ಟಿಯನ್ನು ಒಳಗಿಟ್ಟು ಬಂದೆ.

ಬಸ್ ಸ್ಟಾಪಿನವರೆಗೆ ಬರುತ್ತೇನೆ ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡರು. ಹಳೇ ಮದ್ರಾಸ್ ರಸ್ತೆಯಲ್ಲಿ ಎಂದಿನಂತೆ ಬಸ್ಸು, ಲಾರಿಗಳ ಸಾಲು. ದಾಟಲು ಇಬ್ಬರೂ ಅಂಚಿನಲ್ಲಿ ನಿಂತೆವು. ಎದುರು ಬದಿಯಲ್ಲಿಯೂ ಈಚೆ ಬರಲು ಕಾಯುತ್ತ ಕೆಲವರು ನಿಂತಿದ್ದರು. ಮಗುವನ್ನೆತ್ತಿಕೊಂಡ ಹೆಂಗಸು, ತರಕಾರಿ ಚೀಲದವರು, ಕಿವಿಗೆ ಫೋನ್ ಹಚ್ಚಿಕೊಂಡ ಒಬ್ಬಾತ. ವಾಹನಗಳು ನಿಂತು ದಾಟಲು ದಾರಿಯಾಯಿತು. ಅಕ್ಕ ಕದಲಲಿಲ್ಲ. ಆಚೆಯವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಫೋನ್ ಹಿಡಿದಾತ ಎಲ್ಲರಿಗಿಂತ ಹಿಂದೆ, ನಿಧಾನವಾಗಿ ಬರುತ್ತಿದ್ದ. ಅವನು ಈಚೆಯ ಅಂಚಿಗೆ ಕಾಲಿಡುವವರೆಗೂ ನಾವಿಬ್ಬರೂ ಹೆಜ್ಜೆ ಎತ್ತಲಿಲ್ಲ.